ಸ್ಟೀರಿಯೊ ವ್ಯವಸ್ಥೆಗೆ ಸಬ್‌ವೂಫರ್: ಆರಿಸುವುದು, ಜೋಡಿಸುವುದು, ಹೊಂದಿಸುವುದು

ಎರಡು ಚಾನೆಲ್‌ನ ಒಳ್ಳೆಯ ಸ್ಟೀರಿಯೊ ಇಟ್ಟುಕೊಂಡಿರುವ ಸಂಗೀತಪ್ರಿಯರಲ್ಲಿ ಅನೇಕರಿಗೆ ಸಬ್‌ವೂಫರ್ ಎಂದರೆ ಅಸಡ್ಡೆ. ಸಿನಿಮಾದ ಸ್ಫೋಟಗಳಿಗೂ ಗಣೇಶೋತ್ಸವದ ಡಿಜೆಗೂ ಅದು ಸರಿ, ವೀಣೆ, ಪಿಯಾನೊ ಕೇಳುವ ಮನೆಗೆ ಅದೇಕೆ ಎಂದು ಅವರು ಕೇಳುತ್ತಾರೆ. ಅವರ ಕಿವಿಗೆ ಬಿದ್ದಿರುವ ಸಬ್‌ವೂಫರ್‌ಗಳು ಬಹುಪಾಲು ಹಾಗೆಯೇ ಇರುತ್ತವೆ ಎನ್ನುವುದೂ ನಿಜ. ಖಾಲಿ ಇದ್ದ ಮೂಲೆಯಲ್ಲಿ ಕೂರಿಸಿ, ನಾಬ್‌ಗಳನ್ನು ಅಂದಾಜಿನ ಮೇಲೆ ಅರ್ಧಕ್ಕೆ ತಿರುಗಿಸಿ ಬಿಟ್ಟ ಪೆಟ್ಟಿಗೆ ಗುಂಯ್‌ಗುಡದೆ ಇನ್ನೇನು ಮಾಡೀತು? ಸ್ಟೀರಿಯೊದಲ್ಲಿ ಸಬ್‌ವೂಫರ್‌ನ ಕೆಲಸ, ಮುಖ್ಯ ಸ್ಪೀಕರ್‌ಗಳ ದನಿ ಎಲ್ಲಿ ಇಳಿಯತೊಡಗುತ್ತದೋ ಅಲ್ಲಿಂದ ಕೆಳಗಿನ ಭಾಗವನ್ನು ವಹಿಸಿಕೊಳ್ಳುವುದು. ಆ ಕೆಲಸ ಸರಿಯಾಗಿ ನಡೆದರೆ ಕೋಣೆಯಲ್ಲಿ ಅಂಥದ್ದೊಂದು ಪೆಟ್ಟಿಗೆ ಇದೆಯೆಂದೇ ಕೇಳುಗರಿಗೆ ತಿಳಿಯಬಾರದು. ಇದಕ್ಕೆ ಪೆಟ್ಟಿಗೆಯ ಬೆಲೆಗಿಂತ ಕೋಣೆ, ಜಾಗ ಮತ್ತು ಹೊಂದಿಕೆ ಮುಖ್ಯ ಎಂಬ ನಿಲುವಿನಿಂದ ಈ ಬರಹ ಹೊರಟಿದೆ.

ನಿಮಗೆ ಸಬ್‌ವೂಫರ್ ಬೇಕೇ?

ಪಿಯಾನೊದ ಅತ್ಯಂತ ಕೆಳಗಿನ ಸ್ವರ 27.5 ಹರ್ಟ್ಸ್‌ನಲ್ಲಿದೆ (ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ). ನಾಲ್ಕು ತಂತಿಯ ಬೇಸ್ ಗಿಟಾರ್ ಮತ್ತು ಡಬಲ್ ಬೇಸ್ ಸುಮಾರು 41 ಹರ್ಟ್ಸ್‌ವರೆಗೂ, ಐದು ತಂತಿಯ ಬೇಸ್ ಗಿಟಾರ್ ಸುಮಾರು 31 ಹರ್ಟ್ಸ್‌ವರೆಗೂ ಇಳಿಯುತ್ತವೆ. ಚರ್ಚ್ ಆರ್ಗನ್‌ನ 32 ಅಡಿಯ ಕೊಳವೆ ಹೊರಡಿಸುವ ಸ್ವರವಂತೂ 16 ಹರ್ಟ್ಸ್‌ನ ಆಸುಪಾಸಿನದು. ಇನ್ನೊಂದು ಬದಿಯಲ್ಲಿ, ಉತ್ತಮ ದರ್ಜೆಯ ಸಣ್ಣ ಸ್ಪೀಕರ್‌ಗಳೆಂದು ಹೆಸರಾದ ಹಾರ್ಬೆತ್ ಪಿ3ಇಎಸ್ಆರ್ 75 ಹರ್ಟ್ಸ್‌ವರೆಗೆ, ಕೆಇಎಫ್ ಎಲ್ಎಸ್50 ಮೆಟಾ 79 ಹರ್ಟ್ಸ್‌ವರೆಗೆ ಮಾತ್ರ ಸಮಬಲದಲ್ಲಿ ನುಡಿಯುತ್ತವೆಂದು ಅವುಗಳ ತಯಾರಕರೇ ಹೇಳುತ್ತಾರೆ. ಅಂದರೆ ಡಬಲ್ ಬೇಸ್‌ನ ಕೆಳಗಿನ ಸ್ಥಾಯಿಯ ಮೂಲಸ್ವರಗಳು ಈ ಸ್ಪೀಕರ್‌ಗಳಲ್ಲಿ ಕ್ಷೀಣವಾಗಿಯೇ ಬರುತ್ತವೆ; ಮೇಲಿನ ಹಾರ್ಮೋನಿಕ್‌ಗಳನ್ನು, ಅಂದರೆ ಮೂಲಸ್ವರದ ಜೊತೆಗೆ ಹುಟ್ಟುವ ಏರುಸ್ವರಗಳನ್ನು, ಕೇಳಿಸಿಕೊಂಡ ಕಿವಿ ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ. ಇಂಥ ಸ್ಪೀಕರ್‌ಗಳಿಗೆ ಸಬ್‌ವೂಫರ್ ಸೇರಿಸಿದಾಗ ಆಗುವ ಲಾಭ ದೊಡ್ಡದು.

ನಮ್ಮ ಶಾಸ್ತ್ರೀಯ ಸಂಗೀತವನ್ನಷ್ಟೇ ಕೇಳುವವರ ಮಾತು ಬೇರೆ. ಸಿ ಶಾರ್ಪ್ ಶ್ರುತಿಯಲ್ಲಿ ಹಾಡುವ ಗಾಯಕರ ತಂಬೂರದಲ್ಲಿ ಮಂದ್ರ ಷಡ್ಜದ ತಂತಿ ಸುಮಾರು 69 ಹರ್ಟ್ಸ್‌ನದು. ಅದರ ಕೆಳಗೆ ಸ್ವರವೆಂದು ಹೇಳಬಹುದಾದದ್ದು ಬಹಳ ಕಡಿಮೆ. ನಿಮ್ಮಲ್ಲಿರುವುದು 35 ಹರ್ಟ್ಸ್‌ವರೆಗೆ ಇಳಿಯುವ ದೊಡ್ಡ ನಿಲುವಿನ ಸ್ಪೀಕರ್‌ಗಳಾಗಿದ್ದು, ನೀವು ಕೇಳುವುದು ಕಛೇರಿ ಸಂಗೀತವೇ ಆಗಿದ್ದರೆ, ಸಬ್‌ವೂಫರ್‌ನ ಹಣವನ್ನು ಕೋಣೆಯ ಪರದೆ, ಜಮಖಾನ, ಪುಸ್ತಕದ ಕಪಾಟುಗಳಿಗೆ ಹಾಕುವುದೇ ಮೇಲು. ಯಕ್ಷಗಾನದ ಚಂಡೆಗಾಗಿ ಸಬ್‌ವೂಫರ್ ಕೊಳ್ಳುವವರನ್ನೂ ಕಾಣುತ್ತೇವೆ. ಚಂಡೆಯ ಏರುದನಿಗೆ ಬೇಕಾದದ್ದು ಒಳ್ಳೆಯ ಟ್ವೀಟರ್ (ಸ್ಪೀಕರಿನಲ್ಲಿ ಏರುದನಿ ನುಡಿಸುವ ಭಾಗ) ಮತ್ತು ತಾಕತ್ತಿರುವ ಆಂಪ್ಲಿಫೈಯರ್.

ಮೊದಲು ಕೋಣೆಯನ್ನು ಅಳೆಯಿರಿ

ಅಂಗಡಿಗೆ ಹೋಗುವ ಮೊದಲು ಟೇಪು ಹಿಡಿದು ಕೋಣೆಯ ಉದ್ದ, ಅಗಲ, ಎತ್ತರ ಬರೆದುಕೊಳ್ಳಿ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ. ಆ ಸಂಖ್ಯೆಯನ್ನು ಮೀಟರ್‌ನಲ್ಲಿರುವ ಉದ್ದದ ಎರಡರಷ್ಟರಿಂದ ಭಾಗಿಸಿದರೆ, ಆ ದಿಕ್ಕಿನಲ್ಲಿ ಕೋಣೆ ತಾನೇ ಅನುರಣಿಸುವ ಮೊದಲ ಆವರ್ತನ ಸಿಗುತ್ತದೆ. ಬೆಂಗಳೂರಿನ ಮಧ್ಯಮ ಗಾತ್ರದ ಹಾಲ್ ಒಂದನ್ನು 18 ಅಡಿ ಉದ್ದ, 14 ಅಡಿ ಅಗಲ, 10 ಅಡಿ ಎತ್ತರ ಎಂದಿಟ್ಟುಕೊಂಡರೆ, ಈ ಆವರ್ತನಗಳು ಕ್ರಮವಾಗಿ 31, 40 ಮತ್ತು 56 ಹರ್ಟ್ಸ್ ಆಗುತ್ತವೆ. ಉದ್ದದ ಎರಡನೆಯ ಅನುರಣನ 62ರ ಬಳಿ ಬಂದು 56ಕ್ಕೆ ನೆರೆಯಾಗುತ್ತದೆ. ಹೀಗಾಗಿ ಇಂಥ ಕೋಣೆಯಲ್ಲಿ ಬೇಸ್ ಗಿಟಾರಿನ ಕೆಲವು ಸ್ವರಗಳು ಮೈಮೇಲೆ ಬಂದಂತೆ ಉಬ್ಬಿ ಕೇಳುತ್ತವೆ, ಪಕ್ಕದ ಸ್ವರಗಳು ಇಲ್ಲವೇ ಇಲ್ಲವೆನ್ನುವಷ್ಟು ಅಡಗುತ್ತವೆ. ಕೋಣೆಯ ಉದ್ದದ ನಟ್ಟನಡುವೆ ಕುಳಿತವರಿಗೆ 31 ಹರ್ಟ್ಸ್ ಕೇಳುವುದೇ ಕಷ್ಟ. ಹಿಂದಿನ ಗೋಡೆಗೆ ಸೋಫಾ ತಾಗಿಸಿ ಕುಳಿತವರಿಗೆ ಉದ್ದದ ದಿಕ್ಕಿನ ಎಲ್ಲ ಅನುರಣನಗಳೂ ಒಟ್ಟಿಗೆ ಹೆಚ್ಚಿ ಕೇಳುತ್ತವೆ. ಸೋಫಾವನ್ನು ಗೋಡೆಯಿಂದ ಎರಡು ಮೂರು ಅಡಿ ಮುಂದೆ ಎಳೆಯುವುದು ಖರ್ಚಿಲ್ಲದ ಮೊದಲ ಚಿಕಿತ್ಸೆ.

ವಿದೇಶಿ ವಿಮರ್ಶೆಗಳನ್ನು ಓದುವಾಗ ಒಂದು ವ್ಯತ್ಯಾಸ ನೆನಪಿರಲಿ. ಅಮೆರಿಕದ ಮನೆಗಳ ಒಳಗೋಡೆಗಳು ಹೆಚ್ಚಾಗಿ ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದವು. ಅವು ತುಸು ಅದುರಿ ಬೇಸ್‌ನ ಒಂದು ಪಾಲನ್ನು ತಾವೇ ನುಂಗುತ್ತವೆ, ಇನ್ನೊಂದು ಪಾಲನ್ನು ಹೊರಕ್ಕೆ ಬಿಡುತ್ತವೆ. ನಮ್ಮ ಇಟ್ಟಿಗೆ ಅಥವಾ ಕಾಂಕ್ರೀಟ್ ಬ್ಲಾಕ್ ಗೋಡೆ, ಆರ್‌ಸಿಸಿ ತಾರಸಿ, ಗ್ರಾನೈಟ್ ನೆಲ ಇವು ಯಾವುದನ್ನೂ ಬಿಟ್ಟುಕೊಡುವುದಿಲ್ಲ. ಅದರಿಂದ ಇಲ್ಲಿ ಅನುರಣನದ ಉಬ್ಬುಗಳು ಹೆಚ್ಚು ತೀಕ್ಷ್ಣವಾಗಿರುತ್ತವೆ; ಆದರೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಅತ್ಯಂತ ಕೆಳಗಿನ ಆವರ್ತನಗಳಿಗೆ ಕೋಣೆಯೇ ಪುಕ್ಕಟೆ ಬಲ ಕೊಡುತ್ತದೆ. ಅಲ್ಲಿನವರು ಎರಡು 15 ಇಂಚಿನ ಸಬ್‌ವೂಫರ್‌ಗಳನ್ನು ಶಿಫಾರಸು ಮಾಡಿದ ಕಡೆ ನಮಗೆ ಎರಡು 10 ಇಂಚಿನವು ಸಾಕಾಗುವುದು ಈ ಕಾರಣಕ್ಕೆ.

ಆರಿಸುವಾಗ ನೋಡಬೇಕಾದದ್ದು

ಮುಚ್ಚಿದ ಪೆಟ್ಟಿಗೆಯ ಸಬ್‌ವೂಫರ್‌ನ ದನಿ ತನ್ನ ಮಿತಿಯ ಕೆಳಗೆ ಒಂದು ಸ್ಥಾಯಿಗೆ ಸುಮಾರು 12 ಡೆಸಿಬೆಲ್‌ನಂತೆ ನಿಧಾನವಾಗಿ ಇಳಿಯುತ್ತದೆ. ಗಾಳಿಕಿಂಡಿ, ಅಂದರೆ ಪೋರ್ಟ್ ಇರುವ ಪೆಟ್ಟಿಗೆ ಕಿಂಡಿಯ ಆವರ್ತನದ ಬಳಿ ಜೋರಾಗಿ ನುಡಿಯುತ್ತದೆ, ಅದರ ಕೆಳಗೆ ಸುಮಾರು 24 ಡೆಸಿಬೆಲ್‌ನಂತೆ ಒಮ್ಮೆಲೇ ಕುಸಿಯುತ್ತದೆ. ಸಿನಿಮಾಕ್ಕೆ ಪೋರ್ಟ್ ಇರುವುದು ಕೊಟ್ಟ ಹಣಕ್ಕೆ ಹೆಚ್ಚು ಸದ್ದು ಕೊಡುತ್ತದೆ. ಸಂಗೀತಕ್ಕೆ, ಅದರಲ್ಲೂ ನಮ್ಮ ಕಾಂಕ್ರೀಟ್ ಕೋಣೆಗಳಲ್ಲಿ, ಮುಚ್ಚಿದ ಪೆಟ್ಟಿಗೆಯ ನಿಧಾನದ ಇಳಿತಕ್ಕೂ ಕೋಣೆ ಕೊಡುವ ಪುಕ್ಕಟೆ ಏರಿಕೆಗೂ ತಾಳೆಯಾಗುವುದರಿಂದ, ನನ್ನ ಒಲವು ಸ್ಪಷ್ಟವಾಗಿ ಮುಚ್ಚಿದ ಪೆಟ್ಟಿಗೆಯ ಕಡೆಗಿದೆ.

ಜಾಹೀರಾತಿನ ವ್ಯಾಟ್ ಸಂಖ್ಯೆಗೆ ಮರುಳಾಗಬೇಡಿ. ವ್ಯಾಟ್ ಇಮ್ಮಡಿಯಾದರೆ ಸದ್ದು ಹೆಚ್ಚುವುದು 3 ಡೆಸಿಬೆಲ್ ಮಾತ್ರ. 20 ಹರ್ಟ್ಸ್‌ವರೆಗೆ ಇಳಿಯುತ್ತದೆ ಎಂಬ ಮಾತನ್ನೂ ಹದವಾಗಿ ತೆಗೆದುಕೊಳ್ಳಿ. ಆ ಆವರ್ತನದ ಶಬ್ದ ಕಿವಿಗೆ ಬೀಳಬೇಕಾದರೇ ಸುಮಾರು 78 ಡೆಸಿಬೆಲ್ ಇರಬೇಕು, ಸಂಗೀತದಲ್ಲಿ ಅದು ಬರುವುದು ಅಪರೂಪ. ನಿಜಕ್ಕೂ ಮುಖ್ಯವಾದದ್ದು ಕೋನ್‌ನ, ಅಂದರೆ ಅದುರಿ ಸದ್ದು ಹೊರಡಿಸುವ ಶಂಕುವಿನ, ವಿಸ್ತೀರ್ಣ ಮತ್ತು ಅದು ಮುಂದಕ್ಕೆ ಹಿಂದಕ್ಕೆ ಚಲಿಸಬಲ್ಲ ದೂರ. ಅಷ್ಟೇ ಸದ್ದನ್ನು ಒಂದು ಸ್ಥಾಯಿ ಕೆಳಗೆ ಹೊರಡಿಸಲು ಕೋನ್ ನಾಲ್ಕು ಪಟ್ಟು ದೂರ ಓಡಾಡಬೇಕಾಗುತ್ತದೆ. ಬುಟ್ಟಿಯಷ್ಟು ಪುಟ್ಟ ಪೆಟ್ಟಿಗೆಯಿಂದ ಆರ್ಗನ್ ಸಂಗೀತ ತುಂಬಿ ಬರುತ್ತದೆ ಎಂದು ಯಾರಾದರೂ ಹೇಳಿದರೆ, ಎಷ್ಟು ಡೆಸಿಬೆಲ್‌ನಲ್ಲಿ ಎಂದು ತಿರುಗಿ ಕೇಳಿ.

ಒಂದೇ ಬಜೆಟ್ಟಿನಲ್ಲಿ ಒಂದು ದೊಡ್ಡದೋ ಎರಡು ಸಣ್ಣವೋ ಎನ್ನುವ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಇತ್ಯರ್ಥವಾಗಿದೆ. ಹಾರ್ಮನ್ ಸಂಸ್ಥೆಯ ಟಾಡ್ ವೆಲ್ಟಿ 2002ರಲ್ಲಿ ಮಂಡಿಸಿದ ಅಧ್ಯಯನ, ಎದುರುಬದುರು ಗೋಡೆಗಳ ನಡುಮಧ್ಯದಲ್ಲಿಟ್ಟ ಎರಡು ಸಬ್‌ವೂಫರ್‌ಗಳು ಬೇರೆ ಬೇರೆ ಆಸನಗಳ ನಡುವಿನ ಬೇಸ್ ವ್ಯತ್ಯಾಸವನ್ನು ಗಮನಾರ್ಹವಾಗಿ ತಗ್ಗಿಸುತ್ತವೆ ಎಂದು ತೋರಿಸಿತು. ಕಾರಣ ಸರಳ. ಮೇಲೆ ಹೇಳಿದ ಹಾಲ್‌ನ ಮುಂದಿನ ಮತ್ತು ಹಿಂದಿನ ಗೋಡೆಗಳ ನಡುವಿನಲ್ಲಿ ಒಂದೊಂದು ಇಟ್ಟರೆ, 31 ಹರ್ಟ್ಸ್‌ನ ಅನುರಣನವನ್ನು ಒಂದು ಎಬ್ಬಿಸಿದಷ್ಟನ್ನು ಇನ್ನೊಂದು ಅಡಗಿಸುತ್ತದೆ. ಎರಡೂ ಅಗಲದ ಮಧ್ಯದಲ್ಲಿರುವುದರಿಂದ 40 ಹರ್ಟ್ಸ್‌ನದು ಏಳುವುದೇ ಇಲ್ಲ. ಅಂತೂ ಎರಡು 10 ಇಂಚಿನ ಕೋನ್‌ಗಳ ಒಟ್ಟು ವಿಸ್ತೀರ್ಣ ಒಂದು 12 ಇಂಚಿನದಕ್ಕಿಂತ ಹೆಚ್ಚೇ. ಒಮ್ಮೆಗೇ ಎರಡಕ್ಕೆ ಹಣ ಹೊಂದದಿದ್ದರೆ ಒಂದನ್ನು ಈಗ ಕೊಂಡು, ಅದೇ ಮಾದರಿಯ ಇನ್ನೊಂದನ್ನು ಮುಂದೆ ಸೇರಿಸಿ.

ಕೊಳ್ಳುವ ಮುನ್ನ ಹಿಂಬದಿಯ ಫಲಕವನ್ನು ಕಣ್ಣಾರೆ ನೋಡಿ. ಹೈ-ಲೆವೆಲ್ (ಆಂಪ್ಲಿಫೈಯರ್‌ನ ಸ್ಪೀಕರ್ ಟರ್ಮಿನಲ್‌ನಿಂದ ಸಂಕೇತ ಪಡೆಯುವ) ಮತ್ತು ಲೈನ್-ಲೆವೆಲ್ (ಸಣ್ಣ ಸಂಕೇತವನ್ನು ಸಾಮಾನ್ಯ ಆಡಿಯೊ ಕೇಬಲ್ಲಿನಿಂದ ಪಡೆಯುವ) ಎರಡೂ ಬಗೆಯ ಒಳಸೇರಿಕೆ ಇರಬೇಕು. ಫೇಸ್‌ಗೆ, ಅಂದರೆ ಸಬ್‌ವೂಫರ್‌ನ ಅಲೆಯನ್ನು ಸ್ಪೀಕರಿನ ಅಲೆಗೆ ಹೆಜ್ಜೆಗೂಡಿಸುವುದಕ್ಕೆ, 0 ಮತ್ತು 180 ಡಿಗ್ರಿ ಎಂಬ ಎರಡೇ ಆಯ್ಕೆಯ ಸ್ವಿಚ್ ಇರುವುದಕ್ಕಿಂತ ನಿರಂತರವಾಗಿ ತಿರುಗುವ ನಾಬ್ ಅಥವಾ ಆ್ಯಪ್‌ನ ಹೊಂದಾಣಿಕೆ ಇದ್ದರೆ ಬಹಳ ಅನುಕೂಲ. ವಿದೇಶದಿಂದ ನೆಂಟರ ಕೈಲಿ ತರಿಸುವವರು ಅದು 230 ವೋಲ್ಟ್‌ಗೆ ತಯಾರಾದ ಮಾದರಿಯೇ ಎಂದು ಖಚಿತಪಡಿಸಿಕೊಳ್ಳಿ. ಅಮೆರಿಕದ 115 ವೋಲ್ಟ್‌ನದನ್ನು ನಮ್ಮ ಪ್ಲಗ್ಗಿಗೆ ಹಾಕಿದರೆ ಫ್ಯೂಸ್ ಹಾರುವುದೇ ಅತ್ಯಂತ ಅಗ್ಗದ ಪರಿಣಾಮ.

ವೈರಿನ ಕೆಲಸ

ಉನ್ನತ ದರ್ಜೆಯ ಇಂಟಿಗ್ರೇಟೆಡ್ ಆಂಪ್ಲಿಫೈಯರ್‌ಗಳಲ್ಲಿ ಅನೇಕಕ್ಕೆ ಸಬ್‌ವೂಫರ್ ಔಟ್ ಇರುವುದಿಲ್ಲ. ಅವುಗಳಿಗೆ ಹೈ-ಲೆವೆಲ್ ಜೋಡಣೆಯೇ ದಾರಿ. 1990ರಲ್ಲಿ ರಿಚರ್ಡ್ ಲಾರ್ಡ್ ಅವರು ಬ್ರಿಟನ್ನಿನಲ್ಲಿ ಆರಂಭಿಸಿದ ಆರ್‌ಇಎಲ್ ಕಂಪನಿ ಈ ವಿಧಾನವನ್ನೇ ತನ್ನ ಗುರುತಾಗಿಸಿಕೊಂಡಿತು. ಇದರಲ್ಲಿ ಸಬ್‌ವೂಫರ್ ತನ್ನ ಸಂಕೇತವನ್ನು ಮುಖ್ಯ ಸ್ಪೀಕರ್‌ಗಳಿಗೆ ಹೋಗುವ ಅದೇ ಟರ್ಮಿನಲ್‌ಗಳಿಂದ ಪಡೆಯುತ್ತದೆ. ಆದರೆ ಅದರ ಒಳಸೇರಿಕೆಯ ಪ್ರತಿರೋಧ ಬಹಳ ಹೆಚ್ಚಿರುವುದರಿಂದ ಆಂಪ್ಲಿಫೈಯರ್‌ಗೆ ಹೊರೆಯೇನೂ ಆಗುವುದಿಲ್ಲ. ನಿಮ್ಮ ಆಂಪ್ಲಿಫೈಯರ್‌ನ ಗುಣ, ಅದು ವಾಲ್ವಿನದಾದರೆ ಅದರ ಮಾರ್ದವವೂ ಸೇರಿ, ಸಬ್‌ವೂಫರ್‌ನಲ್ಲೂ ಮುಂದುವರಿಯುತ್ತದೆ.

ಆರ್‌ಇಎಲ್ ಮಾದರಿಯ ಕೇಬಲ್ಲಿನ ಒಂದು ತುದಿಯಲ್ಲಿ ತಿರುಗಿಸಿ ಬಿಗಿಯುವ ಸ್ಪೀಕಾನ್ ಪ್ಲಗ್, ಇನ್ನೊಂದು ತುದಿಯಲ್ಲಿ ಕೆಂಪು, ಹಳದಿ, ಕಪ್ಪು ಬಣ್ಣದ ಮೂರು ಬರಿಯ ವೈರುಗಳಿರುತ್ತವೆ. ಆಂಪ್ಲಿಫೈಯರನ್ನೂ ಸಬ್‌ವೂಫರನ್ನೂ ಗೋಡೆಯ ಸ್ವಿಚ್ಚಿನಲ್ಲೇ ಆರಿಸಿ. ಕೆಂಪನ್ನು ಬಲ ಚಾನೆಲ್‌ನ ಪ್ಲಸ್ ಟರ್ಮಿನಲ್‌ಗೆ, ಹಳದಿಯನ್ನು ಎಡ ಚಾನೆಲ್‌ನ ಪ್ಲಸ್‌ಗೆ, ಕಪ್ಪನ್ನು ಎರಡರಲ್ಲಿ ಯಾವುದಾದರೂ ಒಂದರ ಮೈನಸ್‌ಗೆ ಸೇರಿಸಿ. ಸ್ಪೀಕರ್ ಕೇಬಲ್ಲಿಗೆ ಬನಾನಾ ಪ್ಲಗ್ ಇದ್ದರೆ ಈ ವೈರುಗಳನ್ನು ಟರ್ಮಿನಲ್‌ನ ಅಡ್ಡರಂಧ್ರದಲ್ಲಿ ತೂರಿಸಿ ತಿರುಪು ಬಿಗಿಯಬಹುದು. ತಾಮ್ರದ ಎಳೆಗಳನ್ನು ಚೆನ್ನಾಗಿ ಹೊಸೆದುಕೊಳ್ಳಿ. ಕೂದಲಿನಂಥ ಒಂದೇ ಎಳೆ ಹೊರಚಾಚಿ ಪಕ್ಕದ ಟರ್ಮಿನಲನ್ನು ಮುಟ್ಟಿದರೂ ಆಂಪ್ಲಿಫೈಯರ್ ಸುಡಬಹುದು. ಎಡಕ್ಕೊಂದು ಬಲಕ್ಕೊಂದು ಎಂದು ಎರಡು ಸಬ್‌ವೂಫರ್ ಇದ್ದಾಗ, ಪ್ರತಿಯೊಂದರ ಕೆಂಪು ಮತ್ತು ಹಳದಿಯನ್ನು ಒಟ್ಟಿಗೆ ಹೊಸೆದು ಆಯಾ ಚಾನೆಲ್‌ನ ಪ್ಲಸ್‌ಗೆ, ಕಪ್ಪನ್ನು ಅದೇ ಚಾನೆಲ್‌ನ ಮೈನಸ್‌ಗೆ ಹಾಕಬೇಕು. ಮುಂದೊಂದು ಹಿಂದೊಂದು ಇಡುವವರು ಮಾತ್ರ ಎರಡಕ್ಕೂ ಎರಡೂ ಚಾನೆಲ್‌ಗಳನ್ನು ಕೊಡಬೇಕು. ಎರಡಕ್ಕೂ ಒಂದೇ ಸಂಕೇತ ಹೋಗದಿದ್ದರೆ ಅನುರಣನ ಅಡಗಿಸುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ.

ಇಲ್ಲೊಂದು ಅಪಾಯವಿದೆ. ಬ್ರಿಡ್ಜ್ ಮಾಡಿದ (ಎರಡು ಚಾನೆಲ್‌ಗಳನ್ನು ಕೂಡಿಸಿ ಒಂದಾಗಿಸಿದ) ಆಂಪ್ಲಿಫೈಯರ್‌ಗಳಲ್ಲಿ, ಪೂರ್ಣ ಬ್ಯಾಲೆನ್ಸ್ಡ್ ವಿನ್ಯಾಸದವುಗಳಲ್ಲಿ ಮತ್ತು ಹಲವು ಕ್ಲಾಸ್ ಡಿ ಆಂಪ್ಲಿಫೈಯರ್‌ಗಳಲ್ಲಿ ಮೈನಸ್ ಟರ್ಮಿನಲ್ ಕೂಡ ಜೀವಂತವಾಗಿರುತ್ತದೆ, ಅದು ಅರ್ತ್‌ಗೆ ಸೇರಿರುವುದಿಲ್ಲ. ಅಂಥವಕ್ಕೆ ಕಪ್ಪು ವೈರನ್ನು ಸಾಮಾನ್ಯ ರೀತಿಯಲ್ಲಿ ಸೇರಿಸಬಾರದು. ಹೆಚ್ಚಿನ ಸಂದರ್ಭಗಳಲ್ಲಿ ಅದನ್ನು ಆಂಪ್ಲಿಫೈಯರ್‌ನ ಚಾಸಿ ಅಥವಾ ಗ್ರೌಂಡ್ ತಿರುಪಿಗೆ ಸೇರಿಸುತ್ತಾರೆ, ಆದರೂ ನಿಮ್ಮ ಮಾದರಿಗೆ ಯಾವುದು ಸರಿ ಎಂದು ಎರಡೂ ತಯಾರಕರ ಕೈಪಿಡಿ ನೋಡದೆ ಕೈ ಹಾಕಬೇಡಿ.

ಪ್ರೀ-ಔಟ್ (ಪವರ್ ಹಂತಕ್ಕೆ ಮೊದಲಿನ ಸಂಕೇತವನ್ನು ಹೊರಕ್ಕೆ ಕೊಡುವ ಸಾಕೆಟ್) ಇರುವ ಆಂಪ್ಲಿಫೈಯರ್‌ಗೆ ಆರ್‌ಸಿಎ ಅಥವಾ ಎಕ್ಸ್‌ಎಲ್‌ಆರ್ ಕೇಬಲ್ಲಿನ ಲೈನ್-ಲೆವೆಲ್ ಜೋಡಣೆ ಸರಳ. ಆ ಔಟ್‌ನ ಮಟ್ಟ ವಾಲ್ಯೂಮ್ ನಾಬಿನೊಂದಿಗೆ ಏರಿಳಿಯುತ್ತದೆಯೇ ಎಂದು ಮಾತ್ರ ಪರೀಕ್ಷಿಸಿ. ಟೇಪ್ ಔಟ್‌ನಂಥ ಸ್ಥಿರಮಟ್ಟದ ಔಟ್‌ಗೆ ಸಬ್‌ವೂಫರ್ ಜೋಡಿಸಿದರೆ ಅದು ಸದಾ ಪೂರ್ಣ ದನಿಯಲ್ಲಿ ಮೊರೆಯುತ್ತದೆ. ಸಿನಿಮಾದ ಬೇಸ್ ಚಾನೆಲ್‌ಗೆಂದು ಇರುವ ಎಲ್‌ಎಫ್‌ಇ ಎಂಬ ಒಳಸೇರಿಕೆ ಸಬ್‌ವೂಫರ್‌ನ ಕ್ರಾಸ್‌ಓವರನ್ನೇ (ಯಾವ ಆವರ್ತನದಿಂದ ಕೆಳಗೆ ನುಡಿಸಬೇಕೆಂದು ಸೋಸುವ ಭಾಗವನ್ನು) ಬಳಸಿಕೊಳ್ಳದೆ ಹೋಗುವುದರಿಂದ ಸ್ಟೀರಿಯೊಗೆ ಎಡ-ಬಲದ ಲೈನ್ ಒಳಸೇರಿಕೆಗಳನ್ನೇ ಬಳಸಬೇಕು. ಆಂಪ್ಲಿಫೈಯರೇ ಸೋಸಿ ಕಳುಹಿಸುತ್ತಿದ್ದರೆ ಆಗ ಎಲ್‌ಎಫ್‌ಇ ಸರಿ, ಎರಡು ಕಡೆ ಸೋಸುವುದು ತಪ್ಪುತ್ತದೆ.

ಮುಖ್ಯ ಸ್ಪೀಕರ್‌ಗಳಿಗೆ ಕೆಳಗಿನ ಆವರ್ತನಗಳು ಹೋಗದಂತೆ ಹೈ-ಪಾಸ್ ಫಿಲ್ಟರ್ ಹಾಕಬೇಕೇ ಎಂಬುದು ಈ ವಲಯದಲ್ಲಿ ಬಗೆಹರಿಯದ ಜಗಳ. ಸಂಕೇತದ ದಾರಿಯಲ್ಲಿ ಇನ್ನೊಂದು ಸರ್ಕ್ಯೂಟ್ ಬರುವುದೇ ಬೇಡ ಎನ್ನುವವರ ಮಾತಿಗೂ ಬೆಲೆಯಿದೆ. ನನ್ನ ಅಭಿಪ್ರಾಯದಲ್ಲಿ ಇದು ಸ್ಪೀಕರಿನ ಗಾತ್ರದ ಮೇಲೆ ನಿಂತಿದೆ. 5 ಇಂಚಿನ ವೂಫರ್‌ನ ಸಣ್ಣ ಸ್ಪೀಕರ್‌ಗೆ 80 ಹರ್ಟ್ಸ್‌ನಲ್ಲಿ ಹೈ-ಪಾಸ್ ಹಾಕಿದರೆ ಅದರ ಕೋನ್ ನಿರಾಳವಾಗಿ, ಹಾಡುಗಾರಿಕೆ ತಿಳಿಯಾಗುತ್ತದೆ, ಜೋರಾಗಿ ಕೇಳಿದಾಗ ಈ ಲಾಭ ಎದ್ದು ಕಾಣುತ್ತದೆ. ದೊಡ್ಡ ನಿಲುವಿನ ಸ್ಪೀಕರ್‌ಗಳನ್ನು ಇದ್ದಂತೆಯೇ ನುಡಿಯಲು ಬಿಟ್ಟು, ಸಬ್‌ವೂಫರನ್ನು ಅದರ ಕೆಳಗೆ ಹೊಂದಿಸುವುದು ಸಾಕು.

ಜೋಡಿಸಿದೊಡನೆ ಹಮ್ ಸದ್ದು ಬಂದರೆ ಅದು ಬಹುತೇಕ ಗ್ರೌಂಡ್ ಲೂಪ್, ಅಂದರೆ ಉಪಕರಣಗಳ ಅರ್ತ್‌ಗಳು ಒಂದಕ್ಕಿಂತ ಹೆಚ್ಚು ದಾರಿಯಲ್ಲಿ ಸೇರಿ ಆಗುವ ಸುತ್ತು. ನಮ್ಮ ಮೇನ್ಸ್‌ನ 50 ಹರ್ಟ್ಸ್ ಸಬ್‌ವೂಫರ್‌ನ ಕಾರ್ಯಕ್ಷೇತ್ರದ ನಡುವಿನಲ್ಲೇ ಬರುವುದರಿಂದ ಸಣ್ಣ ಹಮ್ ಕೂಡ ಚೆನ್ನಾಗಿ ಕೇಳುತ್ತದೆ. ಎಲ್ಲ ಉಪಕರಣಗಳನ್ನೂ ಒಂದೇ ಸಾಕೆಟ್ಟಿನಿಂದ ಹೊರಟ ಎಕ್ಸ್‌ಟೆನ್ಷನ್ ಬೋರ್ಡಿಗೆ ಸೇರಿಸಿ ನೋಡಿ. ಸೆಟ್‌ಟಾಪ್ ಬಾಕ್ಸಿನ ಕೇಬಲ್ ಕಳಚಿ ನೋಡಿ. ಆಗಲೂ ನಿಲ್ಲದಿದ್ದರೆ ಲೈನ್-ಲೆವೆಲ್ ಕೇಬಲ್ಲಿಗೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ. ಪ್ಲಗ್ಗಿನ ಅರ್ತ್ ಪಿನ್ ಕಿತ್ತುಹಾಕುವ ಎಲೆಕ್ಟ್ರಿಷಿಯನ್ ಸಲಹೆಯನ್ನು ಎಂದಿಗೂ ಒಪ್ಪಬೇಡಿ, ಅದು ಜೀವಕ್ಕೇ ಅಪಾಯ.

ಇಡುವುದು, ಹೊಂದಿಸುವುದು

ಒಂದೇ ಸಬ್‌ವೂಫರ್ ಇದ್ದರೆ ಅದರ ಜಾಗ ಹುಡುಕಲು ಹಳೆಯ ಉಪಾಯವೊಂದಿದೆ. ನೀವು ಕುಳಿತು ಕೇಳುವ ಜಾಗದಲ್ಲೇ ಸಬ್‌ವೂಫರನ್ನು ಇಡಿ, ಸೋಫಾದ ಮೇಲಿಟ್ಟರೂ ಸರಿ. ಮೆಟ್ಟಿಲಿನಂತೆ ಏರಿಳಿಯುವ ಬೇಸ್ ಸ್ವರಗಳಿರುವ ಧ್ವನಿಮುದ್ರಣ ಹಾಕಿ, ಗೋಡೆಯುದ್ದಕ್ಕೂ ನೆಲಕ್ಕೆ ಕಿವಿ ತಗ್ಗಿಸಿ ಅಂಬೆಗಾಲಿಡುತ್ತಾ ಸಾಗಿ. ಎಲ್ಲ ಸ್ವರಗಳೂ ಸಮನಾಗಿ ಕೇಳುವ ತಾಣವೇ ಸಬ್‌ವೂಫರ್ ಇಡಬೇಕಾದ ತಾಣ. ಮನೆಮಂದಿ ನಗುತ್ತಾರೆ, ನಗಲಿ. ಮೂಲೆಯಲ್ಲಿ ಸದ್ದು ಅತಿ ಹೆಚ್ಚು ಬರುತ್ತದೆ, ಅನುರಣನಗಳೂ ಅಷ್ಟೇ ಹೆಚ್ಚು ಏಳುತ್ತವೆ.

ಬಳಿಕ ಕ್ರಾಸ್‌ಓವರ್. ಹೈ-ಪಾಸ್ ಇಲ್ಲದ ವ್ಯವಸ್ಥೆಯಲ್ಲಿ 40 ಹರ್ಟ್ಸ್‌ನಿಂದ ಆರಂಭಿಸಿ ಸ್ವಲ್ಪಸ್ವಲ್ಪವೇ ಏರಿಸಿ. ಗಂಡುದನಿಯ ಗಾಯನವೊಂದನ್ನು ಹಾಕಿಕೊಂಡು ಆಲಿಸಿ: ಗಾಯಕರ ಎದೆಯ ದನಿ ದಪ್ಪವಾಗಿ, ನೆಗಡಿಯಾದಂತೆ ಕೇಳತೊಡಗಿದರೆ ಮಿತಿ ದಾಟಿದ್ದೀರಿ ಎಂದರ್ಥ, ಒಂದು ಹೆಜ್ಜೆ ಹಿಂದೆ ಬನ್ನಿ. ತಂಬೂರದ ಮಂದ್ರದ ತಂತಿ ಮಿಕ್ಕ ಮೂರರಿಂದ ಬೇರ್ಪಟ್ಟು ಸಬ್‌ವೂಫರ್‌ನ ದಿಕ್ಕಿನಿಂದ ಬಂದಂತೆ ಅನ್ನಿಸಿದರೂ ಅದೇ ದೋಷ.

ಹೆಚ್ಚಿನವರು ಮುಟ್ಟದೆ ಬಿಡುವುದು ಫೇಸ್ ನಾಬನ್ನು, ಹೊಂದಿಕೆ ಕೆಡುವುದೂ ಅಲ್ಲೇ. ಸಬ್‌ವೂಫರ್ ಮತ್ತು ಸ್ಪೀಕರ್‌ಗಳ ಅಲೆಗಳು ನಿಮ್ಮ ಕಿವಿಗೆ ಒಟ್ಟಿಗೆ ತಲುಪದಿದ್ದರೆ ಕ್ರಾಸ್‌ಓವರ್ ಬಳಿ ಅವು ಪರಸ್ಪರ ಕಡಿದುಕೊಳ್ಳುತ್ತವೆ. 50 ಹರ್ಟ್ಸ್‌ನ ಅಲೆಗೆ ಅರ್ಧ ಸುತ್ತೆಂದರೆ 10 ಮಿಲಿಸೆಕೆಂಡ್. ಅಷ್ಟು ಹೊತ್ತಿನಲ್ಲಿ ಶಬ್ದ ಸುಮಾರು ಮೂರೂವರೆ ಮೀಟರ್ ಹೋಗಿರುತ್ತದೆ. ಕ್ರಾಸ್‌ಓವರ್ ಆವರ್ತನದ ಏಕಸ್ವರವನ್ನು ಸ್ಪೀಕರ್ ಮತ್ತು ಸಬ್‌ವೂಫರ್ ಎರಡರಿಂದಲೂ ನುಡಿಸಿ, ನೀವು ಆಸನದಲ್ಲಿ ಕುಳಿತು, ಇನ್ನೊಬ್ಬರಿಂದ ನಾಬ್ ತಿರುಗಿಸಿ. ಅತಿ ಜೋರಾದ ಬಿಂದುವನ್ನು ಕಿವಿ ಅಷ್ಟು ಖಚಿತವಾಗಿ ಹಿಡಿಯಲಾರದು, ಅತಿ ಕ್ಷೀಣವಾದ ಬಿಂದುವನ್ನು ಹಿಡಿಯುತ್ತದೆ. ಆದ್ದರಿಂದ ಪೋಲಾರಿಟಿ ಸ್ವಿಚ್ (ಪ್ಲಸ್-ಮೈನಸ್ ಅದಲುಬದಲು ಮಾಡುವುದು) ಪ್ರತ್ಯೇಕವಾಗಿ ಇದ್ದರೆ ಅದನ್ನು ತಿರುಗುಮುರುಗು ಮಾಡಿ, ಸದ್ದು ಅತ್ಯಂತ ಅಡಗುವ ಜಾಗ ಹುಡುಕಿ, ಅನಂತರ ಸ್ವಿಚ್ಚನ್ನು ಮೊದಲಿನಂತಿಡಿ.

ಮಟ್ಟವನ್ನು ಕೊನೆಗೆ ಹೊಂದಿಸಿ. ಸಬ್‌ವೂಫರ್ ಇರುವುದು ಗೊತ್ತಾಗುವವರೆಗೆ ಏರಿಸಿ, ಗೊತ್ತಾಗದಷ್ಟು ಇಳಿಸಿ. ಆಮೇಲೆ ಅದನ್ನು ಆರಿಸಿ ನೋಡಿದಾಗ ಬೇಸ್ ಕಡಿಮೆಯಾದದ್ದಕ್ಕಿಂತ ಹೆಚ್ಚಾಗಿ ವೇದಿಕೆಯೇ ಕಿರಿದಾದಂತೆ, ಸಭಾಂಗಣದ ಗಾಳಿ ಹೊರಟುಹೋದಂತೆ ಅನ್ನಿಸಬೇಕು. ಹೊಸದಾಗಿ ಕೊಂಡವರು ಮೊದಲ ವಾರದಲ್ಲಿ ಮಟ್ಟವನ್ನು ಹೆಚ್ಚೇ ಇಟ್ಟುಕೊಳ್ಳುತ್ತಾರೆ, ಕೊಟ್ಟ ಹಣಕ್ಕೆ ಸಾಕ್ಷಿ ಬೇಕಲ್ಲ!

ಕಿವಿಯ ಕೆಲಸಕ್ಕೆ ಅಳತೆಯ ಬೆಂಬಲವಿದ್ದರೆ ಒಳ್ಳೆಯದು. ರೂಮ್ ಇಕ್ಯೂ ವಿಝರ್ಡ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅದಕ್ಕೆ ಮಿನಿಡಿಎಸ್‌ಪಿ ಯುಮಿಕ್-1ನಂಥ ಯುಎಸ್‌ಬಿ ಮೈಕ್ ಸಾಕು. ಗ್ರಾಫಿನಲ್ಲಿ ಕಾಣುವ ಉಬ್ಬುಗಳನ್ನು ಈಕ್ವಲೈಜರ್‌ನಿಂದ (ಬೇಕಾದ ಆವರ್ತನದ ಸದ್ದನ್ನಷ್ಟೇ ಏರಿಸಿ ಇಳಿಸುವ ಸಾಧನದಿಂದ) ಕತ್ತರಿಸಬಹುದು. ತಗ್ಗುಗಳನ್ನು ತುಂಬಲು ಮಾತ್ರ ಹೋಗಬೇಡಿ: ಅಲೆಗಳು ಪರಸ್ಪರ ರದ್ದಾಗುವ ಜಾಗಕ್ಕೆ ಎಷ್ಟು ಶಕ್ತಿ ಸುರಿದರೂ ಅಷ್ಟೇ ರದ್ದಾಗುತ್ತದೆ, 10 ಡೆಸಿಬೆಲ್ ಏರಿಸಹೊರಟರೆ ಆಂಪ್ಲಿಫೈಯರ್ ಹತ್ತು ಪಟ್ಟು ವ್ಯಾಟ್ ಒದಗಿಸಬೇಕಾಗುತ್ತದೆ. ತಗ್ಗಿಗೆ ಮದ್ದು ಸಬ್‌ವೂಫರನ್ನೋ ಸೋಫಾವನ್ನೋ ಸರಿಸುವುದೇ.

ಇಷ್ಟಾದ ಮೇಲೆ ನಿಧಾನವಾಗಿ 20ರಿಂದ 100 ಹರ್ಟ್ಸ್‌ವರೆಗೆ ಏರುವ ಸ್ವರವನ್ನು ನುಡಿಸಿ ಕೋಣೆಯಲ್ಲಿ ಓಡಾಡಿ. ಶೋಕೇಸಿನ ಗಾಜು, ಕಿಟಕಿಯ ಚಿಲಕ, ಫಾಲ್ಸ್ ಸೀಲಿಂಗಿನ ಸಡಿಲ ತಿರುಪು, ದೇವರ ಕೋಣೆಯ ಗಂಟೆ ಎಲ್ಲವೂ ಒಂದೊಂದು ಆವರ್ತನದಲ್ಲಿ ತಮ್ಮ ಹಾಜರಿ ಹೇಳುತ್ತವೆ. ಸಣ್ಣ ಫೆಲ್ಟ್ ತುಂಡುಗಳಿಂದ ಅವನ್ನು ಸುಮ್ಮನಾಗಿಸಬಹುದು. ಅಪಾರ್ಟ್‌ಮೆಂಟಿನಲ್ಲಿರುವವರು ಸಬ್‌ವೂಫರ್ ಕೆಳಗೆ ರಬ್ಬರ್ ಪಾದಗಳನ್ನು ಹಾಕಿದರೆ ಸ್ಲ್ಯಾಬಿನ ಮೂಲಕ ಕೆಳಮನೆಗೆ ಹೋಗುವ ಕಂಪನ ತಗ್ಗುತ್ತದೆ, ಗಾಳಿಯ ಮೂಲಕ ಹೋಗುವ ಬೇಸ್‌ಗೆ ಅದರಿಂದ ತಡೆಯಿಲ್ಲ. ರಾತ್ರಿ ಹತ್ತರ ಮೇಲೆ ಮಟ್ಟವನ್ನು ಇಳಿಸುವುದೊಂದೇ ಉಪಾಯ. ಸಿಡಿಲಿನ ಕಾಲದಲ್ಲಿ ಪ್ಲಗ್ ಕಿತ್ತಿಡಿ, ಸದಾ ಸ್ಟ್ಯಾಂಡ್‌ಬೈಯಲ್ಲಿರುವ ಸಬ್‌ವೂಫರ್‌ನ ಆಂಪ್ಲಿಫೈಯರ್‌ಗೆ ಆ ಅಪಾಯ ಹೆಚ್ಚು. ಹೊಂದಿಸಿದ ನಾಬ್‌ಗಳ ಫೋಟೊ ಒಂದನ್ನು ಮೊಬೈಲಿನಲ್ಲಿ ತೆಗೆದಿಡಿ, ಏಕೆಂದರೆ ಧೂಳು ಒರೆಸುವವರ ಕೈ ಅವುಗಳ ಮೇಲೆ ಆಡಿಯೇ ಆಡುತ್ತದೆ.